ಡೀಸೆಂಟ್ ಜನಕ್ಕೆ ಮಾತ್ರ

ನಂಜನಗೂಡಿನಲ್ಲಿ ಮೊದಲ ಸಲ ಯಾರೋ ನನ್ನನ್ನು ‘ನೀವು’ ಎಂದಾಗ, ಬೆನ್ನ ಹಿಂದೆ ದೊಡ್ಡವರ‍್ಯಾರೋ ನಿಂತಿರಬೇಕೆಂದು ತಿರುಗಿ ನೋಡಿದೆ. ನಮ್ಮೂರು ಹೆಮ್ಮಿಗೆಯಲ್ಲಿ, ಬಿ.ಎ. ಮುಗಿಸಿದ ಮೇಲೂ ನಾನು ‘ಲೇ, ನಿಂಗನ ಮಗ’ ಆಗಿದ್ದವನು.

“ನೀವು ಡೀಸೆಂಟ್ ಜನ ತಾನೇ ಮೇಷ್ಟ್ರೇ? ಡೀಸೆಂಟ್ ಜನಕ್ಕೆ ಮಾತ್ರ ಮನೆ ಕೊಡೋದು ನಾವು.”

ಕೇಳಿದವರು ಮನೆಯೊಡತಿ ಸಾವಿತ್ರಮ್ಮ. ಎಪ್ಪತ್ತರ ದಶಕ; ನಾನು ಅಲ್ಲಿನ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಬಂದಿದ್ದೆ. ನಮ್ಮ ಕೇರಿಯ ಮೊದಲ ಪದವೀಧರ ನಾನೇ, ಆ ಹೆಮ್ಮೆ ಈಗಲೂ ಇದೆ. ಆದರೆ ಪದವಿ ತೋರಿಸಿದರೆ ಮನೆ ಸಿಗುತ್ತಿರಲಿಲ್ಲ. ಜಾತಿ ಕೇಳಿ ಎಲ್ಲರೂ ಬಾಗಿಲು ಹಾಕಿದ್ದರು. ಶಾಲೆಯ ಬೆಂಚಿನ ಮೇಲೆ ಮಲಗುತ್ತಿದ್ದೆ. ಭಾನುವಾರದೊಳಗೆ ಬೇರೆ ಕಡೆ ನೋಡಿಕೊಳ್ಳಬೇಕೆಂದು ಹೆಡ್‌ಮಾಸ್ಟರು ಹೇಳಿಯಾಗಿತ್ತು.

“ಡೀಸೆಂಟೇ ಅಮ್ಮಾ” ಎಂದೆ.

ಕೋಣೆ ತೋರಿಸಿದರು, ನಲ್ಲಿ ತೋರಿಸಿದರು. “ತಾಯೀನೂ ಕರ್ಕೊಂಡ್ಬನ್ನಿ” ಎಂದು ಕಾಫಿ ಕೊಟ್ಟರು. ಎದೆ ಹಗುರವಾಯಿತು. ಕುಡಿದೆ. ಎದ್ದುಹೋಗಿ ನಲ್ಲಿಯಲ್ಲಿ ಲೋಟ ತೊಳೆದು, ಜಗಲಿಯ ಅಂಚಿನಲ್ಲಿ ಬೋರಲು ಹಾಕಿದೆ.

ಊರಲ್ಲಿ ಗೌಡರ ಜಗಲಿಯಲ್ಲಿ ನಾವು ಕುಡಿದ ಲೋಟ ನಾವೇ ತೊಳೆದಿಡಬೇಕು. ತಲೆ ಬಿ.ಎ. ಮಾಡಿತ್ತು, ಕೈ ಮಾಡಿರಲಿಲ್ಲ.

ಸಾವಿತ್ರಮ್ಮ ಲೋಟ ನೋಡಿದರು. ನನ್ನನ್ನು ನೋಡಿದರು.

“ಅಯ್ಯೋ, ಮರ್ತೇಬಿಟ್ಟಿದ್ದೆ ನೋಡಿ. ನಮ್ಮ ತಂಗಿ ಮಗ ಬರ್ತೀನಿ ಅಂದಿದ್ದ.”

ಲೋಟವನ್ನು ಅವರು ಮುಟ್ಟಲಿಲ್ಲ.

ಮರುದಿನ ಶಾಲೆಯ ದಪ್ಪ ನಿಘಂಟು ತೆಗೆದೆ. ಡೀಸೆಂಟ್: ಲ್ಯಾಟಿನ್ನಿನ ‘ಡೆಕೇರೆ’ಯಿಂದ ಬಂದದ್ದು. ಒಪ್ಪುವುದು, ತಕ್ಕದ್ದಾಗಿರುವುದು. ಹಿಂದೆ ಅವರವರ ಅಂತಸ್ತಿಗೆ ತಕ್ಕದ್ದು ಎಂಬ ಅರ್ಥವೂ ಇತ್ತಂತೆ. ಸಭ್ಯ, ಮರ್ಯಾದಸ್ಥ, ಒಳ್ಳೆಯವ ಎಂಬುವು ಬೆಳೆದುಬಂದ ಅರ್ಥಗಳು. ಆ ಹಳೆಯ ಅರ್ಥ ಹಿಡಿದರೆ, ತನ್ನ ಲೋಟ ತಾನೇ ತೊಳೆದಿಟ್ಟವನಿಗಿಂತ ಡೀಸೆಂಟ್ ಯಾರು? ರೋಮಿನಿಂದ ಹೊರಟ ಪದ ನಂಜನಗೂಡಿಗೆ ಬಂದು ಮತ್ತೆ ಅಂತಸ್ತನ್ನೇ ಕೇಳುತ್ತಿತ್ತು. ನಿಘಂಟು ಮುಚ್ಚಿ ತರಗತಿಗೆ ಹೋದೆ. ಮಕ್ಕಳಿಗೆ ಒಳ್ಳೆಯ ಅರ್ಥವನ್ನೇ ಹೇಳಿಕೊಟ್ಟೆ.

ಕೊನೆಗೆ ರೈಲು ಹಳಿಯಾಚೆ ಮಿಲ್ ಕೆಲಸಗಾರರೊಬ್ಬರು ಏನೂ ಕೇಳದೆ ಮನೆ ಕೊಟ್ಟರು. ಅವ್ವ ಬಂದಳು.

ಆ ವರ್ಷ ಸುಗ್ಗಿಗೆ ಇಬ್ಬರೂ ಊರಿಗೆ ಹೋದೆವು. ಗೌಡರು ಜಗಲಿಯಿಂದಲೇ ಕೂಗಿದರು: “ಬಾರ್ಲಾ ಮೇಷ್ಟ್ರೇ, ಕಾಪಿ ಕುಡ್ದೋಗು.”

ಕುಡಿದೆ. ಲೋಟವನ್ನು ಹಾಗೇ ಕೆಳಗಿಟ್ಟೆ.

ಜಗಲಿಯಲ್ಲಿ ಕೂತಿದ್ದವರೆಲ್ಲ ಲೋಟದತ್ತ ತಿರುಗಿದರು. ಅವ್ವ ಲೋಟಕ್ಕೆ ಕೈ ಚಾಚಿದಳು. ನಾನು ಆ ಕೈ ಹಿಡಿದುಕೊಂಡೆ.

“ಬ್ಯಾಡ ಬುಡವ್ವ.”

“ಪ್ಯಾಟೆಗೋಗಿ ಡೀಸೆಂಟ್ ಆಗ್ಬುಟ್ಟ ಕಣಮ್ಮಿ ನಿನ್ ಮಗ” ಎಂದು ಗೌಡರು ನಕ್ಕರು. ಮಿಕ್ಕವರು ನಗಲಿಲ್ಲ.

ಅವ್ವ ಹಿಡಿದ ಕೈಯಲ್ಲೇ ನನ್ನನ್ನು ಎಳೆದಳು.

“ನಡೀಲಾ ಮಗ, ಮನೆಗೋಗವ.”

ಬೀದಿಗೆ ಇಳಿದ ಮೇಲೆ ಕೇಳಿದೆ: “ಯಾವ ಮನೆಗವ್ವ?”

ಅವಳು ಕೇರಿಯತ್ತ ನೋಡಿದಳು, ಬಸ್ಸು ಬರುವ ದಾರಿಯತ್ತಲೂ ನೋಡಿದಳು. ಹೆಜ್ಜೆ ಮಾತ್ರ ಎತ್ತಲಿಲ್ಲ.