ಮಳೆಗೆ ಮುಚ್ಚಿದ ಜಗಲಿ

ಹೋದ ವಾರ ಮೆಡಿಕಲ್ ಶಾಪಿನಲ್ಲಿ ನನ್ನ ಮುಂದೆ ನಿಂತಿದ್ದ ಅಜ್ಜಿಯೊಬ್ಬರು ನೋವಿನ ಎಣ್ಣೆಯ ಬಾಟಲಿ ತೆರೆದು ಮೂಸಿ ನೋಡಿದರು. ಕರ್ಪೂರ, ನೀಲಗಿರಿ, ಅದರಡಿಯಲ್ಲಿ ಸಣ್ಣಗೆ ಸುಟ್ಟ ಎಳ್ಳಿನಂಥ ವಾಸನೆ. ನಾನು ಕೊಳ್ಳಲು ಹೋದದ್ದು ಮಗಳಿಗೆ ಕೆಮ್ಮಿನ ಸಿರಪ್ಪು. ಏನು ಬೇಕೆಂದು ಕೌಂಟರಿನವರು ಎರಡು ಸಲ ಕೇಳಿದರಂತೆ, ನನಗೆ ಕೇಳಿಸಲೇ ಇಲ್ಲ. ಕಣ್ಣೆದುರು ಆಚೆಮನೆಯ ಅಕ್ಕ ಹಿಂಬಾಗಿಲ ಮೆಟ್ಟಿಲಲ್ಲಿ ಕೂತು, ನೈಟಿಯನ್ನು ಮೊಣಕಾಲಿನ ತನಕ ಸರಿಸಿ, ಮೀನಖಂಡಕ್ಕೆ ಅದೇ ಎಣ್ಣೆ ತಿಕ್ಕುತ್ತಿದ್ದರು...

ಕುಂದಾಪುರದಲ್ಲಿ ನಮ್ಮಿಬ್ಬರದೂ ಒಂದೇ ಗೋಡೆ ಹಂಚಿಕೊಂಡ ಬಾಡಿಗೆ ಮನೆಗಳು. ಅಕ್ಕ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದರು. ಅವರ ಗಂಡನನ್ನು ನಾನು ಭಾವ ಎಂದು ಕರೆಯುತ್ತಿದ್ದೆ. ಅವರು ಕುಂದಾಪುರ–ಬೈಂದೂರು ಖಾಸಗಿ ಬಸ್ಸಿನ ಡ್ರೈವರು. ಇಬ್ಬರದೂ ಬೇರೆ ಬೇರೆ ಜಾತಿ. ಮದುವೆಯಾದ ದಿನದಿಂದ ಅಕ್ಕನಿಗೆ ನಾವುಂದದ ತವರು ಮುಚ್ಚಿಹೋಗಿತ್ತು. ಅಪ್ಪ ತೀರಿಕೊಂಡಾಗಲೂ ಕರೆದಿರಲಿಲ್ಲ. ಮನೆ ಅಣ್ಣನ ಕೈಯಲ್ಲಿತ್ತು. ಅಮ್ಮನಿಗೆ ಮಗಳ ಮೇಲೆ ಸಿಟ್ಟಿತ್ತೋ, ಮಗನ ಹೆದರಿಕೆಯೋ, ಅಕ್ಕನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆ ಮನೆ ಇದ್ದದ್ದು ಹೆದ್ದಾರಿಯ ಪಕ್ಕದಲ್ಲೇ. ಭಾವನ ಬಸ್ಸು ದಿನಾ ಅದರ ಎದುರಿನಿಂದಲೇ ಹೋಗಿ ಬರುತ್ತಿತ್ತು. ಸಂಜೆ ಮನೆಗೆ ಬಂದವರು ಚಪ್ಪಲಿ ಕಳಚುವ ಮೊದಲೇ ಸುದ್ದಿ ಹೇಳುತ್ತಿದ್ದರು.

"ಇವತ್ ಅಮ್ಮ ಜಗ್ಲಿಯಗೆ ಕೂಕಂಡ್ ಹಲ್ಸಿನ್ ಬೀಜ ಸುಲೀತಿದ್ರ್."

"ಯಾವ್ ಸೀರಿ?"

"ಹಸ್ರ್ ಕಾಂತ್."

ಅಷ್ಟೇ. ಅಕ್ಕ ಆಮೇಲೆ ಚಹಾಕ್ಕೆ ನೀರಿಡುತ್ತಿದ್ದರು. ನಡುವಿನ ಗೋಡೆ ತೆಳು, ನಮ್ಮ ಅಡುಗೆಮನೆಗೆ ಎಲ್ಲ ಕೇಳುತ್ತಿತ್ತು. ಭಾವ ಏನೂ ಹೇಳದ ದಿನ ಅಲ್ಲಿ ಪಾತ್ರೆಯ ಸದ್ದು ಸ್ವಲ್ಪ ಜೋರಾಗಿರುತ್ತಿತ್ತು.

ಒಂದು ವರ್ಷ ಆಷಾಢದಲ್ಲಿ ಬ್ರಹ್ಮಾವರದಿಂದ ಬೈಂದೂರಿನ ತನಕ ಸೈಕಲ್ ರೇಸು ಎಂದು ಅಂಗಡಿಗಳ ಎದುರು ಬ್ಯಾನರ್ ಬಿತ್ತು. ಯಾರು ಬೇಕಾದರೂ ಸೇರಬಹುದು, ಹೆಂಗಸರಿಗೆ ಬೇರೆ ವಿಭಾಗ. ಮಳೆಗಾಲದಲ್ಲೇ ಓಡಿಸಬೇಕು, ಅದೇ ಅದರ ಮೋಜು ಎಂದು ಏರ್ಪಾಡು ಮಾಡಿದವರ ವಾದ. ಮರುದಿನವೇ ಅಕ್ಕ ಅಂಗಡಿಯ ಗೆಳತಿಯೊಬ್ಬಳ ಗೇರ್ ಸೈಕಲ್ಲನ್ನು ತಂದು ನಮ್ಮ ಕಂಪೌಂಡಿಗೆ ಒರಗಿಸಿದರು. ನಲವತ್ತು ದಾಟಿದವರು, ಅಷ್ಟೇನೂ ಸಪೂರವೂ ಅಲ್ಲದವರು. ಬೆಳಿಗ್ಗೆ ಚೂಡಿದಾರದ ಪ್ಯಾಂಟಿನ ತುದಿಗೆ ಸೇಫ್ಟಿ ಪಿನ್ನು ಹಾಕಿ, ಜಡೆಯನ್ನು ಸುತ್ತಿ ಕಟ್ಟಿ ಹೊರಟರೆ ಬೀದಿಯವರಿಗೆಲ್ಲ ತಮಾಷೆ.

"ಹ್ವಾಯ್, ಇದೆಂತ ಸರ್ಕಸ್ ಮಾರಾಯ್ತಿ?" ಎಂದು ಮೂಲೆಯ ದಿನಸಿ ಅಂಗಡಿಯವರು ಕೂಗುತ್ತಿದ್ದರು. "ಗಂಡನ್ ಬಸ್ಸಗೆ ಸೀಟ್ ಸಿಕ್ಲಿಲ್ಯಾ?"

"ಸೀಟ್ ಇತ್ತ್. ಡ್ರೈವರ್ ಸಮ ಇಲ್ಲೆ," ಎಂದು ಅಕ್ಕ ಪೆಡಲು ತುಳಿಯುತ್ತಿದ್ದರು.

ನಾನು ಓದಿದ ಕಾನ್ವೆಂಟಿನಲ್ಲಿ, ಯಾರನ್ನೂ ಅವರ ಸ್ವಂತ ವಿಷಯ ಕೆದಕಿ ಕೇಳಬಾರದೆಂದು ಸಿಸ್ಟರುಗಳು ಕಲಿಸಿದ್ದರು. ನಾನೂ ಕೇಳಿರಲಿಲ್ಲ. ಆದರೆ ಒಂದು ಸಂಜೆ ಎಣ್ಣೆ ತಿಕ್ಕುತ್ತಾ ಅಕ್ಕನೇ ಹೇಳಿದರು.

"ನಾ ಗೆಲ್ಲುಕ್ ಹೋಪುದಲ್ಲ ಹೆಣೆ. ನಮ್ಮನಿ ಎದುರ್ ಹೋಯ್ಕಲೆ, ಅಮ್ಮ ಕಾಣ್ಕ್. ಎದಿ ಮೇಲೆ ನಂಬ್ರ್ ಹಾಕಂಡ್, ಜನ ಚಪ್ಪಾಳೆ ಹೊಡೂದ್... ಮಗ್ಳ್ ಹಾಳಾಯ್ ಹೋಯ್ಲಿಲ್ಲ ಅಂದೇಳಿ ಒಂದ್ ಸರ್ತಿ ಅಮ್ಮಂಗ್ ಗೊತ್ತಾಯ್ಕ್."

"ಸೀದಾ ಮನೆಗೇ ಹೋಗಿ ಬರಬಹುದಲ್ಲ ಅಕ್ಕ?"

"ಕರೀದೆ ಹ್ಯಾಂಗ್ ಹೋಪುದ್? ರಸ್ತಿ ಆದ್ರೆ ಅಣ್ಣಂದಲ್ಲ ಅಲ್ದಾ."

ಅವರು ನಕ್ಕರು, ನಾನೂ ನಕ್ಕೆ. ಬೇಸಿಗೆಯಲ್ಲಿ ಬಸ್ಸಿನಲ್ಲಿ ಕೂತು ಆ ಮನೆಯನ್ನು ಅವರು ಎಷ್ಟೋ ಸಲ ಕಂಡಿದ್ದರಂತೆ. ಬಸ್ಸಿನೊಳಗೆ ಮಗಳು ಇದ್ದಾಳೆಂದು ಅಮ್ಮನಿಗೆ ಗೊತ್ತಾಗುವುದು ಹೇಗೆ? ಸೈಕಲ್ಲಾದರೆ ಮುಖ ಕಾಣುತ್ತದೆ. ಮಳೆ ಶುರುವಾದ ಮೇಲೂ ಭಾವ ತರುವ ಸುದ್ದಿ ನಿಂತಿರಲಿಲ್ಲ. ಹಾಗಾಗಿ ಅಮ್ಮ ಜಗಲಿಯಲ್ಲಿರುತ್ತಾರೆಂಬುದರಲ್ಲಿ ಅಕ್ಕನಿಗೆ ಅನುಮಾನವಿರಲಿಲ್ಲ.

ರೇಸಿನ ದಿನ ಬೆಳಕು ಹರಿದದ್ದೇ ಗೊತ್ತಾಗದಂಥ ಮಳೆ. ಅಕ್ಕ ಬ್ರಹ್ಮಾವರಕ್ಕೆ ಹೋದ ಮೇಲೆ ನಾನು ಒಣ ಬಟ್ಟೆ, ಟವೆಲ್ಲು, ಫ್ಲಾಸ್ಕಿನಲ್ಲಿ ಕೊತ್ತಂಬರಿ ಕಷಾಯ ಕಟ್ಟಿಕೊಂಡು ಬೈಂದೂರಿನ ಬಸ್ಸು ಹತ್ತಿದೆ. ಬಸ್ಸಿನ ಕಿಟಕಿಗಳಿಗೆಲ್ಲ ಪರದೆ ಎಳೆದಿದ್ದರು. ತ್ರಾಸಿ ದಾಟಿ ಮರವಂತೆಗೆ ಬಂದಾಗ ಗಾಳಿಗೆ ಬಸ್ಸೇ ಒಂದು ಬದಿಗೆ ವಾಲಿದಂತಾಯಿತು. ಸಮುದ್ರದ ನೀರು ಕಲ್ಲಿಗೆ ಬಡಿದು ರಸ್ತೆಯ ಮೇಲೆ ಹಾರುತ್ತಿತ್ತು. ಈ ಗಾಳಿಯಲ್ಲಿ ಸೈಕಲ್ಲೇ ಎಂದು ಕಂಡಕ್ಟರು ಗೊಣಗಿದ. ನಾನು ಜಪಮಾಲೆ ಹಿಡಿಯುವವಳಲ್ಲ, ಆದರೂ ಶಾಲೆಯಲ್ಲಿ ಕಲಿತ ಪ್ರಾರ್ಥನೆಯೊಂದು ತುಟಿಗೆ ಬಂತು.

ಬೈಂದೂರಿನಲ್ಲಿ ಶಾಮಿಯಾನದ ಅಡಿಯಲ್ಲಿ ಕಾದೆ. ಹುಡುಗರು ಒಬ್ಬೊಬ್ಬರಾಗಿ ಬಂದರು. ತುಟಿ ನೀಲಿಗಟ್ಟಿ, ಬ್ರೇಕು ಹಿಡಿದ ಬೆರಳು ಬಿಡಿಸಲಾಗದೆ ನಿಂತಿದ್ದರು. ಹೆಂಗಸರಲ್ಲಿ ಹೆಚ್ಚಿನವರು ಮರವಂತೆಯಲ್ಲೇ ಇಳಿದು ಟೆಂಪೋ ಹತ್ತಿದರೆಂದು ಸುದ್ದಿ ಬಂತು. ಬಂದ ಟೆಂಪೋದಲ್ಲಿ ಅಕ್ಕ ಇರಲಿಲ್ಲ. ಬಹುಮಾನ ಹಂಚಿದರು, ಫೋಟೋ ತೆಗೆದರು, ಶಾಮಿಯಾನದ ಹಗ್ಗ ಬಿಚ್ಚತೊಡಗಿದರು. ಆಗ ಅಕ್ಕ ದೂರದಲ್ಲಿ ಕಂಡರು. ತುಳಿಯುತ್ತಿದ್ದರು, ಆದರೆ ಯಾರೋ ಹಿಂದಿನಿಂದ ದೂಡುತ್ತಿದ್ದಾರೇನೋ ಎನ್ನುವ ಹಾಗೆ, ತಮ್ಮ ಮನಸ್ಸೇ ಇಲ್ಲದೆ.

"ಟೈಮ್ ಮುಗ್ದ್ ಹೋಯ್ತ್ ಅಕ್ಕ, ಮೆಡಲ್ ಇಲ್ಲೆ. ಬಾಳಿಹಣ್ಣ್ ಇತ್ತ್ ಕಾಣಿ," ಎಂದು ಒಬ್ಬರು ಹಣ್ಣು ಕೊಟ್ಟರು. ಅಕ್ಕ ಎರಡು ಕೈಯಲ್ಲಿ ತೆಗೆದುಕೊಂಡರು. ಕುಂದಾಪುರ ಮುಟ್ಟುವ ತನಕ ಆ ಹಣ್ಣು ಸುಲಿಯದೆ ಅವರ ಮಡಿಲಲ್ಲೇ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ, ಬಿಜೂರು ದಾಟಿದ ಮೇಲೆ, ತಾವಾಗಿಯೇ ಮಾತೆತ್ತಿದರು. ಮರವಂತೆಯಲ್ಲಿ ಗಾಳಿ ಎರಡು ಸಲ ಕೆಡವಿತ್ತು. ಮೊಣಕೈ ತರಚಿಕೊಂಡು ಎದ್ದು, ಇನ್ನೇನು ನಾವುಂದ ಬಂತು ಎಂದು ಎಲ್ಲರನ್ನೂ ಮುಂದೆ ಬಿಟ್ಟು ನಿಧಾನ ಮಾಡಿದ್ದರು. ಮನೆ ಬಂತು. ಜಗಲಿಯೇ ಇರಲಿಲ್ಲ. ಮಾಡಿನಿಂದ ನೆಲದ ತನಕ ನೀಲಿ ಟಾರ್ಪಾಲು.

ನಮ್ಮ ಕಡೆ ಮಳೆಗಾಲಕ್ಕೆ ಇರಚಲು ಹೊಡೆಯದ ಹಾಗೆ ಜಗಲಿಗೆ ಮರೆ ಕಟ್ಟುತ್ತಾರೆ. ಹಿಂದೆ ತೆಂಗಿನ ಮಡಲಿನ ತಟ್ಟಿ, ಈಗ ಪ್ಲಾಸ್ಟಿಕ್ಕು. ಕಟ್ಟಿದ ಮೇಲೆ ನವರಾತ್ರಿಯ ತನಕ ಒಳಗಿನವರಿಗೆ ರಸ್ತೆ ಕಾಣುವುದಿಲ್ಲ, ರಸ್ತೆಯವರಿಗೆ ಒಳಗು ಕಾಣುವುದಿಲ್ಲ. ಅಕ್ಕ ಹುಡುಗಿಯಾಗಿದ್ದಾಗ ಅದೇ ಜಗಲಿಗೆ ಅಮ್ಮನ ಜೊತೆ ತಟ್ಟಿ ಹೆಣೆದವರು. ಆದರೆ ಮಳೆಯ ದಿನಗಳಲ್ಲೂ ಭಾವ ಅಮ್ಮನನ್ನು ಕಂಡೆ ಎನ್ನುತ್ತಿದ್ದರಲ್ಲ? ಅಣ್ಣ ಮಾಡಿನ ಮುಂದಕ್ಕೆ ತಗಡಿನ ಶೀಟು ಇಳಿಸಿರಬೇಕು, ಈಗ ಮರೆ ಬೇಡವಾಗಿರಬೇಕು ಎಂದುಕೊಂಡಿದ್ದರು...

ಅಕ್ಕ ಸೈಕಲ್ ಇಳಿದು ಗೇಟಿನ ಹತ್ತಿರ ನಿಂತರು. ಟಾರ್ಪಾಲಿನ ಬದಿ ಸರಿಸಿ ಅತ್ತಿಗೆ ಇಣುಕಿದರು. ಅಣ್ಣನ ಮದುವೆ ಇವರು ಮನೆ ಬಿಟ್ಟ ಮೇಲಿನದು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ರೇಸಿನವರು ಯಾರೋ ನೀರಿಗೆ ನಿಂತಿದ್ದಾರೆಂದು ತಿಳಿದು, ಒಂದು ಲೋಟ ನೀರು, ಒಂದು ತುಂಡು ಬೆಲ್ಲ ತಂದು ಕೊಟ್ಟರು.

"ಒಳಗಿಂದ ಅಮ್ಮ ಕೇಂಡ್ರ್, ಯಾರ್ ಬಂದದ್ ಅಂದೇಳಿ," ಎಂದರು ಅಕ್ಕ. "ಯಾರೋ ಸೈಕಲ್ಲಿನವ್ರ್ ಅತ್ತಿ ಅಂತ್ ಆ ಹೆಣ್ಣ್. ಅದ್ಕೆ ಅಮ್ಮ, ಪಾಪ, ನೆಂದ್ಕಂಡಿರ್ಕ್, ಒಳಗ್ ಬಪ್ಪುಕ್ ಹೇಳ್, ಬೈರಾಸ್ ಕೊಡ್ ಅಂದ್ರ್. ಯಾರಿಗೋ ಹೇಳ್ದಂಗೆ."

"ನೀವು ಮಾತಾಡಲಿಲ್ಲವಾ?"

"ಎಂತ ಮಾತಾಡೂದ್? ಕರ್ದದ್ ನನ್ನಲ್ಲ ಅಲ್ದಾ."

ಮಾಡಿನ ನೀರಿಗೆ ಹಿಡಿದು ಲೋಟ ತೊಳೆದು, ಮೆಟ್ಟಿಲ ಮೇಲೆ ಕವುಚಿ ಇಟ್ಟು ಬಂದೆ ಎಂದರು. ಆ ಮನೆಯಲ್ಲಿ ಕುಡಿದ ಲೋಟವನ್ನು ತೊಳೆದು ಕವುಚಿಡಬೇಕಾದ ಜಾತಿಯವರು ಯಾರೆಂದು ಅವರು ಚಿಕ್ಕಂದಿನಿಂದ ಕಂಡಿದ್ದರು. ಈಗ ತಾವೂ ಆ ಸಾಲಿನವರೇ ಎಂದು ಅವರಿಗೆ ಅನ್ನಿಸಿರಬೇಕು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತಿದ್ದೆ. ಕಷಾಯ ಆರಿಹೋಗಿತ್ತು.

ಭಾವ ಅಂದು ರಜೆ ಹಾಕಿ ಗೇಟಿನ ಹತ್ತಿರ ಕಾಯುತ್ತಿದ್ದರು. ಮುಖದಲ್ಲಿ ಅಳುಕಿನ ನಗು. "ಅಮ್ಮ ಕಂಡ್ರಾ?"

ಅಕ್ಕ ಒದ್ದೆ ಶೂ ಕಳಚಿ ಪಕ್ಕಕ್ಕಿಟ್ಟರು. "ಜಗ್ಲಿಗ್ ಪೂರ ಟಾರ್ಪಾಲ್ ಕಟ್ಟಿರ್. ನಿನ್ನೆ ನೀವ್ ಕಂಡದ್ ಯಾರನ್ನ?"

ದನಿ ಏರಿರಲಿಲ್ಲ. ಭಾವ ಕೈಯಲ್ಲಿದ್ದ ಕೊಡೆಯನ್ನು ಮಡಚಿದರು, ಪುನಃ ಬಿಡಿಸಿದರು. ಎಷ್ಟೋ ದಿನದ ನಂತರ ನನ್ನ ಹತ್ತಿರ ಅಂದರು: "ಮಳಿಗಾಲ ಅಂದ್ರೆ ನಾಕ್ ತಿಂಗ್ಳ್. ಅಷ್ಟ್ ದಿನ ಕಾಣ್ಲಿಲ್ಲ ಅಂದೇಳಿ ಹ್ಯಾಂಗ್ ಹೇಳೂದ್ ಮಾರಾಯ್ರೆ? ಅದ್ರ್ ಮೋರೆ ಕಾಂಬುಕಾತಿಲ್ಲೆ."

ಸೈಕಲ್ಲು ಗೆಳತಿಯ ಮನೆಗೆ ವಾಪಸು ಹೋಯಿತು. ಎಣ್ಣೆಯ ಬಾಟಲಿ ಕಿಟಕಿಯಲ್ಲೇ ಉಳಿಯಿತು. ಗೋಡೆಯಾಚೆ ಸಂಜೆಯ ಸುದ್ದಿ ನಿಂತುಹೋಯಿತು. ಕೆಲವು ದಿನ ಕಳೆದು ಒಂದು ಸಂಜೆ ಭಾವ ಅವಸರದಲ್ಲಿ ಒಳಗೆ ಬಂದದ್ದು ಕೇಳಿಸಿತು.

"ಕಾಣ್, ಇವತ್ ನಿಜವಾಯ್ಲೂ ಅಮ್ಮ ಜಗ್ಲಿಯಗೆ ಇದ್ರ್. ಟಾರ್ಪಾಲ್ ಬಿಚ್ಚಿರ್. ರಸ್ತಿ ಬದಿಗೇ ಮೋರೆ ಮಾಡ್ಕಂಡ್ ಕೂಕಂಡಿರ್."

"ಈ ಮಳಿಯಗಾ?"

"ದೇವ್ರಾಣೆ."

"ಸಾಕ್ ಬಿಡಿ. ಇನ್ ಸುಳ್ ಹೇಳ್ಬೇಡಿ."

ಮರುದಿನವೂ ಅವರು ಹೇಳಿದರು, ಅದರ ಮರುದಿನವೂ. ಬಸ್ಸಿನಲ್ಲಿ ಬಾ, ನೀನೇ ಕಾಣು ಎಂದು ಬೇಡಿಕೊಂಡರು. ಅಕ್ಕ ರೇಡಿಯೋದ ದನಿ ಏರಿಸಿದರು. ನವರಾತ್ರಿಗೆ ಮೊದಲೇ ಆ ಮನೆಯೆದುರು ಜನ ಸೇರಿದ್ದನ್ನು ಭಾವ ಬಸ್ಸಿನಿಂದ ಕಂಡರು. ಅಮ್ಮ ಹೋದರು ಎಂದು ಬಂದು ಹೇಳಿದಾಗ ಮಾತ್ರ ಅಕ್ಕ ನಂಬಿದರು. ಈ ಬಾರಿಯೂ ಯಾರೂ ಕರೆಯಲಿಲ್ಲ, ಅವರು ಹೋಗಲಿಲ್ಲ. ಹಿತ್ತಿಲ ಬಾವಿಕಟ್ಟೆಯಲ್ಲಿ ತಲೆಗೆ ನೀರು ಸುರಿದುಕೊಂಡರು. ಆಮೇಲೆ ಬದುಕಿದಷ್ಟು ದಿನ ಕುಂದಾಪುರದಿಂದ ಬಡಗು ದಿಕ್ಕಿಗೆ ಕಾಲಿಡಲಿಲ್ಲ. ಕಾಯಿಲೆ ಬಂತು, ಹೆಚ್ಚು ದಿನ ಎಳೆಯಲಿಲ್ಲ. ಭಾವ ಮನೆ ಖಾಲಿ ಮಾಡಿ ಭಟ್ಕಳದಲ್ಲಿರುವ ತಮ್ಮನ ಹತ್ತಿರ ಹೋದರು.

ಹೋದ ವರ್ಷ ಒಂದು ಮದುವೆಯ ಊಟದಲ್ಲಿ ನನ್ನ ಪಕ್ಕದ ಎಲೆಗೆ ನಾವುಂದದ ಹೆಂಗಸೊಬ್ಬರು ಕೂತರು. ಮನೆ ಹೆದ್ದಾರಿ ಬದಿ ಎಂದರು. ಮಳೆಯ ಮಾತು ಬಂತು, ಮಾತಿನಿಂದ ಮಾತು ಬಂದು ತೀರಿಕೊಂಡ ಅತ್ತೆಯ ಸುದ್ದಿಗೆ ತಿರುಗಿತು. ಅವರು ಯಾರೆಂದು ನನಗೆ ಅರ್ಥವಾಗುವ ಹೊತ್ತಿಗೆ ಎಲೆಗೆ ಪಾಯಸ ಬಿದ್ದಿತ್ತು.

"ರೇಸಿನ್ ದಿನ ಒಂದ್ ಹೆಂಗ್ಸ್ ನೀರ್ ಕುಡ್ಕಂಡ್ ಹೋಯ್ತ್ ಕಾಣಿ," ಎಂದರು. "ಲೋಟ ತೊಳ್ದ್ ಕವ್ಚಿ ಇಟ್ ಹೋಯಿತ್ ಅತ್ತಿ ಅಂದೆ. ಅತ್ತಿ ಮೋರೆ ಹ್ಯಾಂಗೋ ಆಯ್ತ್. ದಾರಿಲಿ ಹೋಪರ್ ಲೋಟ ಯಾಕೆ ತೊಳೂದ್, ಅದ್ ನಮ್ ಹೆಣ್ಣ್ ಅಂದ್ರ್. ಆ ಹೊತ್ತಿಂದ ಹಟ. ಟಾರ್ಪಾಲ್ ಬಿಚ್ಚಿ, ಅದ್ ಪುನಃ ಬತ್ತ್ ಅಂದೇಳಿ. ಮಳಿ ಪೂರ ಒಳಗ್ ಹೊಡೀತಿತ್ತ್. ಕಂಬ್ಳಿ ಹೊದ್ಕಂಡ್ ಅಲ್ಲೇ ಕೂಕಂತಿದ್ರ್. ಅದೇ ಶೀತ ಎದಿಗ್ ಇಳ್ದದ್."

ನಾನು ಎಲೆ ಮಡಚಲು ಮರೆತು ಎದ್ದೆ.

ಭಾವನ ನಂಬರು ಈಗಲೂ ನನ್ನ ಫೋನಿನಲ್ಲಿದೆ. ಮೆಡಿಕಲ್ ಶಾಪಿನಿಂದ ಬಂದವಳು ಸಿರಪ್ಪಿನ ಬಾಟಲಿ ಮೇಜಿನ ಮೇಲಿಟ್ಟು ಆ ನಂಬರನ್ನು ತೆರೆದು ನೋಡುತ್ತಾ ಕೂತೆ. ಅವರಿಗೆ ನಾನು ಹೊಸದಾಗಿ ತಿಳಿಸುವುದೇನಿದೆ... ಅವರು ಕಣ್ಣಾರೆ ಕಂಡದ್ದೇ ಅದು, ದೇವರಾಣೆ ಇಟ್ಟು ಹೇಳಿದ್ದೂ ಅದನ್ನೇ. ತಿಳಿಯಬೇಕಾಗಿದ್ದದ್ದು ಒಬ್ಬರಿಗೆ. ಅವರು ತಾಯಿಗೆ ತಾನು ಯಾರೋ ಆಗಿಹೋದೆ ಎಂದುಕೊಂಡೇ ಹೋದರು.