ಅತ್ತೆಯ ಬೀರುವಿನ ಲಕೋಟೆ

ನನ್ನ ಸೋದರತ್ತೆ ಮನಶ್ಶಾಸ್ತ್ರ ವಿಭಾಗದ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಸಹಾಯಕಿ. ಓದಿದ್ದು ಹತ್ತನೇ ಕ್ಲಾಸು. ಆದರೆ ಅವಳ ಬೀಗದ ಕೈ ಗೊಂಚಲು ಸದ್ದಾದರೆ ಸಾಕು, ಪ್ರೊಫೆಸರುಗಳೂ ಬಾಲ ಮುದುರಿಕೊಳ್ಳುತ್ತಾರೆ.

ಹಿಂದೊಮ್ಮೆ ಒಬ್ಬ ಪ್ರೊಫೆಸರು ಪ್ರಯೋಗ ಮುಗಿದ ಮೇಲೆ, “ಹೀಗೇ ಆಗುತ್ತೆ ಅಂತ ಮೊದಲೇ ಹೇಳಿದ್ನಲ್ಲ” ಎಂದು ಬೀಗಿದರಂತೆ. ಮೊದಲು ಅವರು ಹೇಳಿದ್ದು ತದ್ವಿರುದ್ಧ, ಕೇಳಿಸಿಕೊಂಡವಳು ಅತ್ತೆಯೇ. ಅವಳ ಮೈಯೆಲ್ಲ ಉರಿದುಹೋಯಿತು. ಮರುದಿನದಿಂದಲೇ ಹೊಸ ಕಾನೂನು. ಪ್ರಯೋಗಕ್ಕೆ ಮುಂಚೆಯೇ ಏನು ಸಿಗಬಹುದು, ಯಾರನ್ನು ಲೆಕ್ಕದಿಂದ ಬಿಡುತ್ತೀರಿ ಎಂದು ಬರೆದು, ಲಕೋಟೆ ಅಂಟಿಸಿ, ಸಹಿ ಹಾಕಿ ಅವಳ ಬೀರುವಿಗೆ ಒಪ್ಪಿಸಬೇಕು. ಇಲ್ಲದಿದ್ದರೆ ಕೋಣೆಯ ಬಾಗಿಲು ತೆರೆಯದು. ಎಲ್ಲ ಮುಗಿದ ಮೇಲೆ ಎಲ್ಲರೆದುರೇ ಒಡೆದು, ಗೆದ್ದರೂ ಸೋತರೂ ನೋಟಿಸ್ ಬೋರ್ಡಿಗೆ ಚುಚ್ಚುತ್ತಾಳೆ. ಮನೆಯಲ್ಲೂ ಇದೇ ಗೋಳು. ಮಾವ “ಐದೇ ನಿಮಿಷ, ಬಂದ್ಬಿಟ್ಟೆ” ಎಂದು ಹೊರಟರೆ ಅದನ್ನೂ ಬರೆದುಕೊಟ್ಟು ಹೋಗಬೇಕು. ಫ್ರಿಜ್ಜಿನ ಬಾಗಿಲ ತುಂಬ ಮಾವನ ಐದೈದು ನಿಮಿಷಗಳು.

ಇಂಥವಳ ಕೈಗೆ ನನ್ನ ಪಿಎಚ್‌ಡಿ ಸಿಕ್ಕಿತು ನೋಡಿ! ಸೋಪು ಹಾಕಿ ಕೈ ತೊಳೆದವರು ಹೆಚ್ಚು ನಿಜ ಹೇಳುತ್ತಾರೆ ಎಂಬುದು ನನ್ನ ನಂಬಿಕೆ. ಒಬ್ಬೊಬ್ಬರೇ ಕೋಣೆಯೊಳಗೆ ದಾಳ ಉರುಳಿಸಿ, ಹೊರಬಂದು ಸಂಖ್ಯೆ ಹೇಳಬೇಕು. ಆರು ಬಿದ್ದರೆ ಚಾಕೊಲೇಟು. ತೊಳೆದವರು ಮೂವತ್ತು, ತೊಳೆಯದವರು ಮೂವತ್ತು. ನ್ಯಾಯವಾಗಿ ಎರಡು ಕಡೆಯೂ ಐದಾರು ಮಂದಿಗೆ ಆರು ಬೀಳಬೇಕು. ಎರಡು ಕಡೆಯೂ ಹದಿನಾರು ಮಂದಿಗೆ ಬಿದ್ದಿತ್ತಂತೆ! ಸೋಪೂ ದಂಡ, ನನ್ನ ಮೂರು ವರ್ಷವೂ ದಂಡ.

ಓಡಿಹೋಗಿ ಅತ್ತೆಯ ಮುಂದೆ ನಿಂತೆ. “ತೊಳೆದವರಲ್ಲಿ ಆರು ಬಿತ್ತು ಅಂದ ಏಳು ಜನಾನ ಬಿಟ್ರೆ ಎಲ್ಲಾ ಸರಿಹೋಗುತ್ತೆ. ನನ್ನ ಲಕೋಟೆ ಕೊಡು ಅತ್ತೆ, ಒಂದೇ ಸಾಲು ಸೇರಿಸ್ತೀನಿ.”

“ಯಾಕೆ ಬಿಡ್ಬೇಕು ಅವರನ್ನ?”

“ಇಬ್ಬರಿಗೆ ನೆಗಡಿ ಇತ್ತು. ಒಬ್ಬ ಎಡಚ. ಒಬ್ಬಳು ಸುಮ್ಸುಮ್ನೆ ನಗ್ತಿದ್ಲು…”

“ಎಲಾ ಇವಳಾ! ತೊಳೀದೇ ಇದ್ದವರಲ್ಲಿ ಮೂವರಿಗೆ ನೆಗಡಿ. ಟಿಶ್ಯೂ ಕೊಟ್ಟೋಳು ನಾನೇ. ಅವರನ್ನ ಯಾಕೆ ಇಟ್ಕೊಂಡೆ?”

ನಾನು ಕೊನೆಯ ಅಸ್ತ್ರ ತೆಗೆದೆ. “ನಾನು ನಿನ್ನ ಸ್ವಂತ ಅಣ್ಣನ ಮಗಳು!”

“ಅದಕ್ಕೇ ಬೈತಿರೋದು. ಬೇರೆಯವರಾಗಿದ್ರೆ ಸುಮ್ನೆ ಬಾಗಿಲು ಹಾಕ್ತಿದ್ದೆ.”

ಮರುದಿನ ಎಲ್ಲರೆದುರು ಲಕೋಟೆ ಒಡೆದಳು. ನನ್ನದೇ ದುಂಡಕ್ಷರ: “ಯಾರನ್ನೂ ಬಿಡುವುದಿಲ್ಲ.” ನನ್ನ ಗೈಡ್ ಕನ್ನಡಕ ಒರೆಸಿಕೊಂಡು, “ಏನೂ ಸಿಗಲಿಲ್ಲ ಅಂತಲೇ ಬರಿ. ಅದೂ ಒಂದು ಉತ್ತರ. ಒಂದು ವರ್ಷ ತಡ ಆಗುತ್ತೆ, ಅಷ್ಟೆ” ಎಂದರು. ಅಷ್ಟೆಯಂತೆ! ಅವರಿಗೇನು ಹೋಗಬೇಕು? ಅತ್ತೆಯ ಮುಖ ಇನ್ನು ನೋಡುವುದಿಲ್ಲ ಎಂದು ಪಣ ತೊಟ್ಟೆ.

ನಾಲ್ಕನೇ ದಿನ ಅವಳ ಮನೆಯ ಕರೆಗಂಟೆ ಒತ್ತಿದೆ. ಏನು ಮಾಡಲಿ, ಬರೆಯಲು ಕೂತರೆ ಅವಳು ಕೇಳಿದ ನೆಗಡಿಯ ಪ್ರಶ್ನೆಯೇ ತಲೆ ತಿನ್ನುತ್ತಿತ್ತು.

ಅತ್ತೆ ಒಳಗಿಂದ ಇನ್ನೊಂದು ಲಕೋಟೆ ತಂದು, ಮಾವನ ಎದುರೇ ಒಡೆದಳು. ಅದರ ಮೇಲೆ ನಾನು ನನ್ನ ಲಕೋಟೆ ಕೊಟ್ಟ ದಿನದ್ದೇ ತಾರೀಖು. ಒಳಗೆ ಅವಳ ಅಕ್ಷರ: “ಏನೂ ಸಿಗುವುದಿಲ್ಲ. ಲಕೋಟೆ ವಾಪಸ್ ಕೇಳುತ್ತಾಳೆ. ನಾನು ಕೊಡುವುದಿಲ್ಲ. ಮಾತು ಬಿಡುತ್ತಾಳೆ. ಒಂದು ವರ್ಷ.”

ಕೊನೆಯ ಎರಡು ಪದಗಳ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಎಳೆದು “ತಪ್ಪು, ನಾಲ್ಕು ದಿನ” ಎಂದು ಬರೆದಳು. ಮಾವನ ಚೀಟಿಗಳನ್ನು ಸರಿಸಿ ಫ್ರಿಜ್ಜಿಗೆ ಅಂಟಿಸಿದಳು.

“ತುಂಬಾ ಹೆದರಿದ್ದೆ ಕಣೇ” ಎಂದು ಕಣ್ಣೊರೆಸಿಕೊಂಡಳು.