ಉಪ್ಪುನೀರಿನ ಕಾಕಾ

ಕಾಕಾರ ಬಲಗೈಯ ಮೂರು ಬೆರಳುಗಳು ಎರಡನೆಯ ಗೆಣ್ಣಿನವರೆಗೂ ನೀಲಿಯಾಗಿದ್ದವು. ಮತ ಹಾಕಿದಾಗ ಹಚ್ಚುವ ಶಾಯಿಯ ಹಾಗೆ ಉಗುರಿನ ಬುಡಕ್ಕಷ್ಟೇ ಅಲ್ಲ, ಚರ್ಮದ ಗೆರೆಗೆರೆಗೂ ಇಳಿದ ನೀಲಿ. ಮೀನಿನ ಮೈಗೆ ಬೂಷ್ಟು ಹಿಡಿದರೆ ನೀರಿಗೆ ಹಾಕುವ ಔಷಧದ ಬಣ್ಣ ಅದು. ಮೂವತ್ತು ವರ್ಷ ಅಳೆದು ಸುರಿದು ಯಾವ ಸಾಬೂನಿಗೂ ಹೋಗದಂತೆ ಕೂತುಬಿಟ್ಟಿತ್ತು. ಆ ಬೆರಳುಗಳಿಂದಲೇ ರೊಟ್ಟಿ ಮುರಿದು ತಿನ್ನುತ್ತಿದ್ದರು. "ಕಾಕಾ, ಅದು ವಿಷ ಅಲ್ಲೇನ್ರಿ?" ಎಂದು ಒಮ್ಮೆ ನಾನು ಕೇಳಿದ್ದಕ್ಕೆ, "ನೀಲಕಂಠ ಗಟಗಟ ಕುಡದಾನ, ನಾ ಬರೇ ಮುಟ್ಟೀನಿ" ಎಂದು ನಕ್ಕಿದ್ದರು.

ಗಿರಾಕಿಗಳೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಅವರ ಊರು ವಿಜಯಪುರದ ಕಡೆ, ಮನೆ ಬೈಕುಲ್ಲಾದ ಸಾಲುಕೋಣೆಗಳ ಚಾಳಿನಲ್ಲಿ. ಅಂಗಡಿ ಮಾತ್ರ ನಮ್ಮ ವಿಲೆ ಪಾರ್ಲೆಯಲ್ಲಿ, ಒಂದು ಹಳೆಯ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ. ಮನೆಯಲ್ಲಿ ಹವ್ಯಾಸಕ್ಕೆ ಮೀನು ಸಾಕುವವರಿಗೆ ಬೇಕಾದ ಸಾಮಾನೆಲ್ಲ ಅಲ್ಲಿ ಸಿಗುತ್ತಿತ್ತು. ಮೂರು ಗೋಡೆಗೂ ಗಾಜಿನ ತೊಟ್ಟಿಗಳು, ಅವುಗಳ ದೀಪ ಬಿಟ್ಟರೆ ಬೇರೆ ಬೆಳಕಿಲ್ಲ. ಹಸಿರು ಬೆಳಕು ಬಿದ್ದು, ಒಳಗೆ ನಿಂತ ಗಿರಾಕಿಗಳ ಮುಖವೇ ನೀರಲ್ಲಿ ಮುಳುಗಿದವರ ಮುಖದಂತೆ ಕಾಣುತ್ತಿತ್ತು. ಯಾರಾದರೂ ಒಳಗೆ ಕಾಲಿಟ್ಟರೆ ಎಲ್ಲ ಮೀನುಗಳೂ ಒಂದೇ ಸಲಕ್ಕೆ ಅವರ ಕಡೆ ತಿರುಗುತ್ತಿದ್ದವು. ಹಸಿವೆಗೆ ಹಾಗೆ ಮಾಡ್ತಾವೆ ಎಂದು ಕಾಕಾ ಹೇಳುತ್ತಿದ್ದರು. ಆದರೆ ದಿನಾ ಕಾಳು ಹಾಕುವ ಕಾಕಾರ ಕಡೆಗೆ ಅವು ತಿರುಗಿದ್ದನ್ನು ನಾನು ನೋಡಿಲ್ಲ.

ನಾನು ವಿಕ್ರೋಳಿಯ ಒಂದು ಕಾರ್ಖಾನೆಯ ಖರೀದಿ ವಿಭಾಗದವಳು. ಒಂದು ಬೋಲ್ಟಿಗೆ ಎಂಟಾಣೆ ಹೆಚ್ಚು ಹಾಕಿದರೂ ಹಿಡಿಯುವುದು ನನ್ನ ಹೊಟ್ಟೆಪಾಡು. ಹಾಗಾಗಿ ಕಾಕಾರ ಅಂಗಡಿಗೆ ಹೋದರೆ ಮೈ ಉರಿಯುತ್ತಿತ್ತು. ರಸ್ತೆಯ ನಾಡಬಾದಾಮಿ ಮರದಿಂದ ಉದುರಿದ ಒಣ ಎಲೆ, ನಾನು ಲೋಕಲ್ ರೈಲು ಹಿಡಿಯಲು ಓಡುವಾಗ ದಿನಾ ತುಳಿಯುವ ಎಲೆ, ಕಾಕಾರ ಕೈಯಲ್ಲಿ ತೊಳೆದು ಒಣಗಿ ಹತ್ತರ ಕಟ್ಟಾಗಿ, ಮೀನಿನ ನೀರಿಗೆ ಹಾಕುವ ಔಷಧ ಎಂಬ ಇಂಗ್ಲಿಷ್ ಚೀಟಿ ಅಂಟಿಸಿಕೊಂಡು ನೂರಿಪ್ಪತ್ತು ರೂಪಾಯಿ ಆಗುತ್ತಿತ್ತು. ಹಾಸಿಗೆ ಹೊಲಿಯುವವರಲ್ಲಿ ಉಳಿದ ಸ್ಪಂಜಿನ ಚೂರು ಇಲ್ಲಿಗೆ ಬಂದು ಫಿಲ್ಟರ್ ಆಗುತ್ತಿತ್ತು. ಚಹಾ ಸೋಸುವ ಜಾಲರಿಗೆ ಉದ್ದನೆಯ ಹಿಡಿ ಕಟ್ಟಿದರೆ ಸಾಕು, ಬೆಲೆ ನಾಲ್ಕು ಪಟ್ಟು. ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಕಡಿಮೆ ಮಾಡು ಎಂದು ಜಗಳಾಡುವ ಪಾರ್ಲೆಯ ದೊಡ್ಡ ಮನುಷ್ಯರು ಇಲ್ಲಿ ತುಟಿ ಪಿಟಕ್ಕೆನ್ನದೆ ಕೊಟ್ಟು ಹೋಗುತ್ತಿದ್ದರು. ಹವ್ಯಾಸದ ಮುಂದೆ ಬುದ್ಧಿವಂತರೂ ಮಂಗ ಆಗುತ್ತಾರೆ.

ಹಾಗಿದ್ದೂ ನಾನು ಅಲ್ಲಿಗೆ ಹೋಗಲೇಬೇಕಿತ್ತು. ನನ್ನ ತಮ್ಮ ಇಪ್ಪತ್ತಮೂರನೆಯ ವಯಸ್ಸಿಗೆ ನಾಲ್ಕೇ ದಿನದ ಜ್ವರದಲ್ಲಿ ಹೋದ. ಬಿಟ್ಟು ಹೋದದ್ದು ಒಂದು ಗಾಜಿನ ತೊಟ್ಟಿ, ಅದರಲ್ಲಿ ಕಾಕಾರ ಅಂಗಡಿಯಿಂದಲೇ ತಂದ ಒಂದು ನೀಲಿ ಫೈಟರ್ ಮೀನು. ಅದರ ಬಾಲದ ಅಂಚಿನಲ್ಲಿ ಒಂದು ಕಚ್ಚು ಇತ್ತು, ಹಿಂದೆ ಬಸ್ಸಿನ ಟಿಕೇಟಿಗೆ ಕಂಡಕ್ಟರ್ ಹೊಡೆಯುತ್ತಿದ್ದನಲ್ಲ, ಹಾಗೆ. ತಮ್ಮ ಹೋದ ಮೇಲೆ ಅವ್ವ ಊಟ ಬಿಟ್ಟಳು. ಯಾರು ಹೇಳಿದರೂ ಕೇಳಲಿಲ್ಲ. ಒಂದು ಮುಂಜಾನೆ ತಾನಾಗಿಯೇ ಎದ್ದು ಆ ಮೀನಿಗೆ ಕಾಳು ಹಾಕಿ, ಅದು ತಿಂದದ್ದನ್ನು ನೋಡಿ, ತಾನೂ ಅರ್ಧ ರೊಟ್ಟಿ ತಿಂದಳು. ಆಮೇಲೆ ಅದೇ ನಿಯಮವಾಯಿತು. "ಅವ ಉಂಡ ಏನು?" ಎಂದು ನೋಡಿಯೇ ಅವಳ ಊಟ. ಮೀನಿಗೆ ಅವಳು 'ಅವ' ಎನ್ನುತ್ತಿದ್ದಳು, ನಾನು ತಿದ್ದಲು ಹೋಗಲಿಲ್ಲ. ಅಪ್ಪ ಎಂದೋ ತೀರಿಕೊಂಡಿದ್ದರು. ಆ ಮೀನು ಸತ್ತರೆ ಅವ್ವನೂ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಇದನ್ನು ಕಾಕಾರಿಗೆ ಹೇಳಿ ಅತ್ತಿದ್ದೆ. ಅವರು ಹೆಬ್ಬೆರಳು ಗಾತ್ರದ ಬಾಟಲಿಯೊಂದನ್ನು ಕೊಟ್ಟರು. ಮೇಲೆ ಬಣ್ಣದ ಚೀಟಿ, ಚೀಟಿಯಲ್ಲಿ ನಗುವ ಮೀನಿನ ಚಿತ್ರ, ಮುನ್ನೂರೈವತ್ತು ರೂಪಾಯಿ. "ವಾರಕ್ಕ ಮೂರ ಹನಿ. ನಾಕ್ ಹಾಕಬ್ಯಾಡ. ಮತ್ತ ತಿಂಗಳಿಗೊಮ್ಮೆ ಮೀನ ಸರ್ವಿಸಿಂಗಿಗೆ ತರಾಕ ವೈನಿಯವರಿಗೆ ಹೇಳು." ಅವರು ವೈನಿ ಎನ್ನುತ್ತಿದ್ದ ಅವ್ವ ಪ್ರತಿ ತಿಂಗಳು ಸ್ಟೀಲಿನ ಡಬ್ಬಿಯಲ್ಲಿ ಮೀನು ಹಾಕಿಕೊಂಡು ಹೋಗುತ್ತಿದ್ದಳು. ಕಾಕಾ ಡಬ್ಬಿಯನ್ನು ಪರದೆಯ ಹಿಂದೆ ಒಯ್ದು, ಹತ್ತು ನಿಮಿಷಕ್ಕೆ ತಂದು ಕೊಡುತ್ತಿದ್ದರು. ಸ್ಕೂಟರಿನಂತೆ ಮೀನಿಗೂ ಸರ್ವಿಸಿಂಗು ಮಾಡುವುದನ್ನು ನಾನು ಜಗತ್ತಿನಲ್ಲಿ ಬೇರೆಲ್ಲೂ ಕೇಳಿಲ್ಲ.

ಎರಡು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ರಜೆ ಹಾಕಿದ್ದವಳು ಹೇಳದೆ ಕೇಳದೆ ಅಂಗಡಿಗೆ ಹೋದೆ. ಕಾಕಾ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಸಾಲಾಗಿ ಇಟ್ಟ ಬಾಟಲಿಗಳಿಗೆ ನೀರು ತುಂಬುತ್ತಿದ್ದರು. ಪಕ್ಕದಲ್ಲಿ ಕಲ್ಲುಪ್ಪಿನ ಪೊಟ್ಟಣ. ಒಂದೊಂದು ಬಾಟಲಿಗೆ ಒಂದೊಂದು ಚಿಟಿಕೆ.

"ಉಪ್ಪುನೀರೇನ್ರಿ ಇದು?" ಎಂದೆ.

"ಹೌದು ತಂಗಿ," ಎಂದರು. ಎದ್ದೂ ನಿಲ್ಲಲಿಲ್ಲ.

"ಸತ್ತವರ ಮನಿಯಾಗೂ ಲೂಟಿ ಮಾಡ್ತೀರಲ್ಲ, ನಿಮಗ ನಾಚಿಕಿ ಆಗಂಗಿಲ್ಲೇನ್ರಿ?"

"ಉಪ್ಪು ಅಂತ ಹೇಳಿ ಪುಕ್ಕಟೆ ಕೊಡತಿದ್ದೆ ತಂಗಿ, ಮೊದಲ. ಪುಕ್ಕಟೆ ಸಿಕ್ಕದ್ದನ್ನ ಮಂದಿ ಮುಷ್ಟಿಲೆ ಹಾಕತಾರ. ಮುನ್ನೂರೈವತ್ತು ಕೊಟ್ಟವರು ಹನಿ ಎಣಸ್ತಾರ." ಬಾಟಲಿಗೆ ಮುಚ್ಚಳ ಹಾಕಿ, ಚೀಟಿಯ ಹಿಂಬದಿಗೆ ನಾಲಿಗೆ ತಾಗಿಸಿ ಅಂಟಿಸಿದರು. ನನ್ನ ಕಣ್ಣೆದುರೇ.

ನಾನು ಕಾಲು ಅಪ್ಪಳಿಸಿ ಬಂದೆ. ಕಿರಾಣಿಯಿಂದ ಕಲ್ಲುಪ್ಪು ತಂದು, ಎರಡು ವರ್ಷ ಮೋಸ ಹೋದ ಸಿಟ್ಟನ್ನೆಲ್ಲ ಸೇರಿಸಿ ತೊಟ್ಟಿಗೆ ಒಂದು ಮುಷ್ಟಿ ಹಾಕಿದೆ. ಅರ್ಧ ತಾಸಿನಲ್ಲಿ ಮೀನು ಪಕ್ಕಕ್ಕೆ ವಾಲಿತು. ಅವ್ವ ಒಳಗೆ ಮಲಗಿದ್ದಳು. ಡಬ್ಬಿಗೆ ಮೀನು ಹಾಕಿಕೊಂಡು ಮೂರು ಮಾಳಿಗೆ ಹೇಗೆ ಇಳಿದೆನೋ ಗೊತ್ತಿಲ್ಲ. ಕಾಕಾ ಮುಚ್ಚಳ ತೆರೆದು ನೋಡಿದರು, ಡಬ್ಬಿ ಎತ್ತಿಕೊಂಡು ಪರದೆಯ ಹಿಂದೆ ಹೋದರು. ಹೊರಬಂದಾಗ ಡಬ್ಬಿಯಲ್ಲಿ ಮೀನು ಬಾಲ ಬಿಚ್ಚಿಕೊಂಡು ಸುತ್ತು ಹಾಕುತ್ತಿತ್ತು. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. "ಬಾಟಲಿ ಒಯ್ಯಿ. ಮೂರ ಹನಿ," ಎಂದರು. ಮುನ್ನೂರೈವತ್ತು ತಗೊಂಡರು, ಒಂದು ರೂಪಾಯಿಯನ್ನೂ ಬಿಡಲಿಲ್ಲ. ಅಂದಿನಿಂದ ನಾನು ಬಾಯಿ ಮುಚ್ಚಿ ಕೊಡುವ ಗಿರಾಕಿಗಳ ಸಾಲಿಗೆ ಸೇರಿದೆ.

ವರ್ಷಗಳು ಹೋದವು. ಫೈಟರ್ ಮೀನು ಎರಡೋ ಮೂರೋ ವರ್ಷ ಬದುಕುತ್ತದೆ ಎಂದು ಎಲ್ಲೋ ಓದಿದ್ದೆ. ನಮ್ಮದು ಐದು ದಾಟಿತು. ಅಷ್ಟರಲ್ಲಿ ಅವ್ವನ ಮೊಣಕಾಲು ಹಿಡಿದು ಅವಳು ಮೆಟ್ಟಿಲಿಳಿಯುವುದು ನಿಂತಿತು. ನಮ್ಮ ಬಿಲ್ಡಿಂಗಿಗೆ ಲಿಫ್ಟಿಲ್ಲ. ಅದೇ ಸುಮಾರಿಗೆ ಕಾಕಾರ ಕೈ ನಡುಗಲು ಶುರುವಾಯಿತು. ಸರ್ವಿಸಿಂಗಿಗೆ ನಾನು ತರಲೇ ಎಂದರೆ, "ಈಗ ಬ್ಯಾಡ, ನನ್ನ ಕೈ ನಿಲ್ಲಂಗಿಲ್ಲ," ಎಂದರು. ಬಾಟಲಿ ಮಾತ್ರ ಒಯ್ಯುತ್ತಿದ್ದೆ. ಮೀನು ಆರು ದಾಟಿತು, ಏಳಕ್ಕೆ ಬಂತು. ಹೆಮ್ಮೆಯಿಂದ ಮೊಬೈಲಿನಲ್ಲಿ ಫೋಟೋ ಹಿಡಿದು ಕಾಕಾರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಮೊಬೈಲನ್ನು ತಿರುಗಿ ಕೊಡುವಾಗ ನನ್ನ ಮುಖ ನೋಡಲಿಲ್ಲ. ಮರುವಾರ ಹೋದರೆ ಅಂಗಡಿಗೆ ಬೀಗ ಬಿದ್ದಿತ್ತು.

ಬೈಕುಲ್ಲಾದ ಆಸ್ಪತ್ರೆಯಲ್ಲಿದ್ದಾರೆ ಎಂದು ಪಕ್ಕದ ಅಂಗಡಿಯವರು ಹೇಳಿದರು. ನಾನು ಹೋದಾಗ ಹೊಸದಾಗಿ ಪಾಳಿಗೆ ಬಂದಿದ್ದ ನರ್ಸ್ ಅವರ ಕೈ ನೋಡಿ ಗಾಬರಿ ಬಿದ್ದು, "ಅಹೋ, ನಖಂ ನಿಳೀ ಝಾಲೀ!" ಎಂದು ಕೂಗುತ್ತಿದ್ದಳು. ಉಗುರು ನೀಲಿಯಾಗಿದ್ದಕ್ಕೆ ಉಸಿರು ನಿಂತೇಹೋಯಿತು ಎಂದುಕೊಂಡು ಆಕ್ಸಿಜನ್ನಿಗೆ ಓಡಿದಳು. ಕಾಕಾ ನಕ್ಕರು, ನಕ್ಕದ್ದಕ್ಕೆ ಕೆಮ್ಮು ಬಂತು. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ತಂಗಿ, ನಿನ್ನ ತಮ್ಮನ ಮೀನ ಮೂರನೇ ತಿಂಗಳಿಗೇ ಸತ್ತಿತ್ತು."

ನನಗೆ ತಿಳಿಯಲಿಲ್ಲ.

"ವೈನಿಯವರು ಡಬ್ಬಿ ತಂದ್ರು. ಒಳಗ ಬಿಚ್ಚಿ ನೋಡ್ತೀನಿ, ಹೊಟ್ಟಿ ಮ್ಯಾಲ ಮಾಡಿ ಬಿದ್ದೈತಿ. ಹೊರಗ ಅವರು ಕುಂತಾರ. ಏನಂತ ಹೇಳಲಿ? ಅಂಥಾದ ಇನ್ನೊಂದ್ ನೀಲಿ ಮೀನ ತಗದು, ಬಾಲಕ್ಕ ಕತ್ತರಿಲೆ ಕಚ್ಚು ಹಾಕಿ ಕೊಟ್ಟೆ. ಹಂಗ ಆರು ಬದಲ ಮಾಡೀನಿ. ನೀ ಮುಷ್ಟಿ ಉಪ್ಪು ಹಾಕಿ ತಂದದ್ದೂ ಹಿಡದು."

"ಸರ್ವಿಸಿಂಗು?"

"ಬಾಲ ಅಂದ್ರ ಉಗುರು ಇದ್ದಂಗ, ತಿರುಗಿ ಬೆಳೀತೈತಿ. ತಿಂಗಳದಾಗ ಕಚ್ಚು ಮುಚ್ಚಿ ಹೋಗತೈತಿ. ಮೊದಲ ಬರೇ ಮೀನ ಹೆಂಗೈತಿ ನೋಡಾಕ ತಿಂಗಳಿಗೊಮ್ಮೆ ತರಾಕ ಹೇಳಿದ್ದೆ, ಆಮ್ಯಾಲ ಇದಕ್ಕ. ಕತ್ತರಿ ಓರೆ ಹಿಡದು ಮತ್ತ ಕತ್ತರಸ್ತಿದ್ದೆ."

ಅತ್ತೆನೋ ನಕ್ಕೆನೋ ನೆನಪಿಲ್ಲ. ಆರು ಮೀನು ಹಿಡಿದುಕೊಂಡು ಈ ಮನುಷ್ಯ ನನ್ನ ಅವ್ವನಿಗೆ ಐದು ವರ್ಷ ಊಟ ಮಾಡಿಸಿದ್ದರು. ನಾನು ಅವರಿಗೆ ಲೂಟಿಕೋರ ಎಂದಿದ್ದೆ. ಇದನ್ನು ಹೇಳಬೇಕೆಂದು ಬಾಯಿ ತೆರೆದರೆ, ಕಾಕಾರ ಹಿಡಿತ ಬಿಗಿಯಾಯಿತು.

"ಎರಡು ವರ್ಷ ಆತು, ನಾ ಆ ಮೀನ ಮುಟ್ಟಿಲ್ಲ. ಬದಲ ಮಾಡಿಲ್ಲ, ಕತ್ತರಿ ಇಟ್ಟಿಲ್ಲ. ನೀ ಫೋಟೋ ತೋರಿಸಿದಿ. ಕಚ್ಚು ಐತಿ. ಹೊಸಾದಾಗಿ ಕತ್ತರಿಸಿದಂಗ ಐತಿ. ಅವತ್ತಿಂದ ನನಗ ನಿದ್ದಿ ಇಲ್ಲ ತಂಗಿ. ಅಂಗಡಿಯಾಗ ಒಬ್ಬನ ಕುಂದ್ರಾಕ ಅಂಜಿಕಿ." ಅವರ ಕಣ್ಣಿನಲ್ಲಿ ನಿಜವಾದ ಭಯವಿತ್ತು. "ನೀನ ಹೌದಲ್ಲವಾ? ನೀನ ಬದಲ ಮಾಡಾಕತ್ತೀದಿ, ಹೌದಲ್ಲ?"

ನಾನು ಆ ತೊಟ್ಟಿಗೆ ಮೂರು ಹನಿ ಹಾಕುವುದು, ನೀರು ಬದಲಿಸುವುದು ಬಿಟ್ಟು ಬೇರೇನೂ ಮಾಡಿದವಳಲ್ಲ. ಅವ್ವ ಎರಡು ವರ್ಷದಿಂದ ಹೊಸ್ತಿಲು ದಾಟಿಲ್ಲ. ನಮ್ಮ ಮನೆಗೆ ಮೂರನೆಯವರು ಬರುವುದಿಲ್ಲ.

"ಹೌದು ಕಾಕಾ, ನಾನ," ಎಂದೆ. "ಬಾಜಾರದಾಗ ಅಂಥಾದ ಹುಡುಕಿ ತರ್ತೀನಿ. ಉಗುರು ತಗಿಯೂ ಕತ್ತರಿಲೆ ಕತ್ತರಸ್ತೀನಿ."

"ಓರೆ?"

"ಓರೆ ಕಾಕಾ."

"ಶಾಣ್ಯಾಕಿ," ಎಂದು ಕೈ ಬಿಟ್ಟರು. ಮುಖದ ಬಿಗಿ ಇಳಿಯಿತು. ಸುಳ್ಳು ಚೀಟಿ ಕಂಡರೆ ಕಿತ್ತು ನೋಡುವವಳು ನಾನು, ಅಂದು ನಾನೇ ಒಂದು ಅಂಟಿಸಿ ಬಂದೆ. ಅವರು ಅದನ್ನು ನಂಬಿ ನಿದ್ದೆ ಹೋದರು.

ಸಂಜೆ ಮನೆಗೆ ಬಂದು ತೊಟ್ಟಿಯ ಮುಂದೆ ನಿಂತೆ. ಮೀನು ಗಾಜಿನ ಹತ್ತಿರ ಬಂದು ಅಲ್ಲಾಡದೆ ನಿಂತಿತು. ಬಾಲದ ಕಚ್ಚು ಇತ್ತು, ಅಂಚು ಚೊಕ್ಕಟ. ಓರೆಯಾಗಿರಲಿಲ್ಲ. ತಮ್ಮ ಇದ್ದಾಗ ಹಿಡಿದ ಒಂದು ಫೋಟೋ ತೆಗೆದು ಹೋಲಿಸಿದೆ, ಅದರಲ್ಲಿಯೂ ಓರೆಯಾಗಿರಲಿಲ್ಲ. ಅವ್ವ ಕುರ್ಚಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಫೋಟೋವನ್ನು ತಿರುಗಿ ಒಳಗಿಟ್ಟೆ.

ನಾಲ್ಕನೆಯ ದಿನ ಮುಂಜಾನೆ ಕಾಕಾ ಹೋದರು. ನನಗೆ ಆಫೀಸಿಗೆ ಫೋನು ಬಂತು, ಅಲ್ಲಿಂದಲೇ ಬೈಕುಲ್ಲಾಕ್ಕೆ ಹೋದೆ. ಚಾಳಿನ ಪಡಸಾಲೆಯಲ್ಲಿ ಮಲಗಿಸಿದ್ದರು. ಸ್ನಾನ ಮಾಡಿಸಿದರೂ ಬೆರಳ ನೀಲಿ ಹೋಗಿರಲಿಲ್ಲ. ನಾನು ಆ ಬೆರಳು ಮುಟ್ಟಿ ನಮಸ್ಕರಿಸಿದೆ. ಮಣ್ಣಿಗೆ ಒಯ್ದ ಮೇಲೆ, ಅವ್ವನಿಗೆ ಈಗಲೇ ಹೇಳುವುದು ಬೇಡ, ಎರಡು ದಿನ ಬಿಟ್ಟು ಮೆಲ್ಲಗೆ ಹೇಳಿದರಾಯಿತು ಎಂದುಕೊಂಡು ಲೋಕಲ್ ಹಿಡಿದೆ. ಆಫೀಸು ಮುಗಿಸಿ ಬರುವ ಹೊತ್ತಿಗೇ ಬಂದು, ಕೀಲಿ ತೆಗೆದು, ಚಪ್ಪಲಿ ಬಿಟ್ಟೆ.

"ಒಳಗ ಬರಬ್ಯಾಡ," ಎಂದಳು ಅವ್ವ. ತೊಟ್ಟಿಯ ಮುಂದೆ ಕೂತಿದ್ದಳು, ನನ್ನ ಕಡೆ ತಿರುಗಿರಲಿಲ್ಲ. "ಹಂಗ ಬಚ್ಚಲಕ್ಕ ಹೋಗು. ಮೊದಲ ಜಳಕಾ ಮಾಡು. ಏನೂ ಮುಟ್ಟಬ್ಯಾಡ."

ಸಾವಿನ ಮನೆಯಿಂದ ಬಂದವರಿಗೆ ಮಾತ್ರ ನಮ್ಮಲ್ಲಿ ಹಾಗೆ ಹೇಳುತ್ತಾರೆ. ನಾನು ಬಾಗಿಲಲ್ಲೇ ನಿಂತೆ.

"ಯಾರ ಫೋನ್ ಮಾಡಿದ್ರವ್ವ?"

"ನನಗ ಯಾರ ಮಾಡ್ತಾರ? ಅವ ಮುಂಜಾನಿಂದ ಒಂದ್ ಕಾಳೂ ಮುಟ್ಟಿಲ್ಲ. ಕಾಕಾ ಹೋದ್ರು ಅಂತ ಆಗ ತಿಳೀತು."

ತಲೆಯ ಮೇಲೆ ನೀರು ಹಾಕಿಕೊಂಡು ಬಂದೆ. ಕಾಕಾರ ಕೊನೆಯ ಬಾಟಲಿಯಿಂದ ಎಣಿಸಿ ಮೂರು ಹನಿ ಹಾಕಿದೆ. ಬರೀ ಉಪ್ಪುನೀರು ಎಂದು ಗೊತ್ತಿದ್ದರೂ ನಾಲ್ಕನೆಯದು ಬೀಳದಂತೆ ಉಸಿರು ಹಿಡಿದಿದ್ದೆ. ಮೀನು ಮೆಲ್ಲಗೆ ಮೇಲೆ ಬಂತು. ಅವ್ವ ಒಂದು ಕಾಳು ಹಾಕಿದಳು, ಅದು ಬಾಯಿ ತೆರೆದು ತಿಂದಿತು.

"ಉಂಡ," ಎಂದು ಅವ್ವ ಎದ್ದು ಎರಡು ತಾಟು ಇಟ್ಟಳು.